ಜುಗೂಳದ ಕೃಷ್ಣೆಯೂ ಕಡಲಿನ ಕೃಷ್ಣೆಯೂ

ಮಹಾಬಳೇಶ್ವರದ ಬೆಟ್ಟದಲ್ಲಿ ಹುಟ್ಟಿ, ವಾಯಿ ಕರಾಡ ಸಾಂಗಲಿಗಳನ್ನು ಹಾಯ್ದು, ನರಸೋಬನ ವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು ಬರುವ ಕೃಷ್ಣೆಯು ಕರ್ನಾಟಕದ ಹೊಸ್ತಿಲನ್ನು ತುಳಿಯುವೆಡೆಯಲ್ಲಿ ಜುಗೂಳವೆಂಬ ಊರಿದೆ. ಮೊದಲು ಅಥಣಿ ತಾಲೂಕಿಗೆ ಸೇರಿದ್ದ ಈ ಊರು ಈಗ ಕಾಗವಾಡ ತಾಲೂಕಿನದು. ಈಚೆಯ ದಂಡೆ ಕರ್ನಾಟಕ, ಆಚೆಯ ದಂಡೆ ಮಹಾರಾಷ್ಟ್ರ. ಈಚೆ ಜುಗೂಳ, ಆಚೆ ಶಿರೋಳ ತಾಲೂಕಿನ ಖಿದ್ರಾಪುರ. ನಡುವೆ ಹರಿಯುವ ಹೊಳೆಗೆ ಮಾತ್ರ ಯಾವ ಸೀಮೆಯೂ ತಿಳಿಯದು. ಎರಡೂ ದಂಡೆಗಳಲ್ಲಿ ಕಪ್ಪು ಮಣ್ಣು, ಕಣ್ಣು ಹಾಯುವವರೆಗೆ ಕಬ್ಬು. ಎರಡೂ ದಂಡೆಗಳ ಜನರ ನಾಲಗೆಯ ಮೇಲೆ ಕನ್ನಡವೂ ಉಂಟು, ಮರಾಠಿಯೂ ಉಂಟು. ಬೈಯುವಾಗ ಒಂದು ಭಾಷೆ, ಬೀಗರನ್ನು ಮಾತಾಡಿಸುವಾಗ ಇನ್ನೊಂದು. ಯಾವುದು ಯಾವುದಕ್ಕೆಂಬುದು ಅವರವರ ಮನೆತನದ ರೂಢಿ.

ಇಂಥ ಒಳನಾಡಿನ ಹೊಳೆಯ ದಂಡೆಯ ಮೇಲೆ ನಿಂತು ಕಡಲಿನ ಮಾತನ್ನು ಆಡುವದೇಕೆ ಎಂದು ವಾಚಕರು ಕೇಳಬಹುದು. ಕಾರಣವಿದೆ. ಈ ಕೃಷ್ಣೆಯ ಹೆಸರನ್ನು ಹೊತ್ತ ಒಂದು ಯುದ್ಧನೌಕೆ ನಮ್ಮ ದೇಶದ ನೌಕಾದಳದಲ್ಲಿ ಬಹುಕಾಲ ಇತ್ತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಂದಿನ ಸರಕಾರವು ಸತಲಜ, ಜಮುನಾ, ನರ್ಮದಾ, ಗೋದಾವರಿ, ಕಾವೇರಿ, ಕೃಷ್ಣಾ ಎಂಬ ನದಿಗಳ ಹೆಸರಿನಲ್ಲಿ ಆರು ಹಡಗುಗಳನ್ನು ಕಟ್ಟಿಸಿತು. ಅವುಗಳಲ್ಲಿ ಕೃಷ್ಣೆಯೂ ಕಾವೇರಿಯೂ ಸ್ಕಾಟಲಂಡದ ಕ್ಲೈಡ್ ನದಿಯ ದಂಡೆಯಲ್ಲಿ, ಯಾರೋ ಎಂಬ ಕಂಪನಿಯ ಕಾರಖಾನೆಯಲ್ಲಿ, ಅಕ್ಕತಂಗಿಯರಂತೆ 1943ರಲ್ಲಿ ಒಂದೇ ವರ್ಷ ನೀರಿಗಿಳಿದವು. ದೇಶದ ವಿಭಜನೆಯಾದಾಗ ನರ್ಮದೆಯೂ ಗೋದಾವರಿಯೂ ಪಾಕಿಸ್ತಾನದ ಪಾಲಿಗೆ ಹೋದವು. ಕೃಷ್ಣೆ ನಮ್ಮಲ್ಲಿಯೇ ಉಳಿದಳು. ಸುಮಾರು 300 ಅಡಿ ಉದ್ದದ ಈ ಹಡಗು ಮುಂದೆ ಹೊಸ ನಾವಿಕರಿಗೆ ಪಾಠ ಕಲಿಸುವ ತಾಯಿಮನೆಯಾಗಿ, 1981ರ ಕೊನೆಯವರೆಗೂ ಸೇವೆ ಸಲ್ಲಿಸಿತು. ಅದರ ತರುವಾಯ ಇಂಗ್ಲೆಂಡಿನ 'ಆಂಡ್ರೊಮಿಡಾ' ಎಂಬ ಹಡಗನ್ನು 1995ರಲ್ಲಿ ಕೊಂಡು, ಅದಕ್ಕೂ ಕೃಷ್ಣಾ ಎಂದೇ ಹೆಸರಿಟ್ಟು, ಅದೇ ಪಾಠದ ಕೆಲಸಕ್ಕೆ ಹಚ್ಚಿದರು. 2012ರ ಮೇ ತಿಂಗಳಲ್ಲಿ ಆ ಹಡಗೂ ಕೊಚ್ಚಿಯಲ್ಲಿ ತನ್ನ ಧ್ವಜವನ್ನು ಇಳಿಸಿತು.

ಈ ಸುದ್ದಿಯನ್ನು ಕೇಳಿದ ನನ್ನ ಸೋದರಮಾವನವರು ನಾಲ್ಕಾರು ದಿನ ಮಂಕಾಗಿದ್ದರು. ಅವರು 1966ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಇದೇ ಹೊಳೆಯ ಕೆಳದಂಡೆಯ ಒಂದು ಹಳ್ಳಿಯಿಂದ ನೌಕಾದಳವನ್ನು ಸೇರಿದವರು. ವಿಶಾಖಪಟ್ಟಣದಲ್ಲಿ ಹುಡುಗರ ಶಿಕ್ಷಣವನ್ನು ಮುಗಿಸಿ ಮೊದಲು ಕಾಲಿಟ್ಟ ಹಡಗು ಹಳೆಯ ಕೃಷ್ಣೆಯೇ. ಅವರ ಜೊತೆಗೆ ಅದೇ ಹಡಗಿನಲ್ಲಿದ್ದವರೊಬ್ಬರು ಮಾಲವಣದ ಕಡೆಯವರು. ನಾವು ಮನೆಯವರೆಲ್ಲ ಅವರನ್ನು ಮಾಲವಣದ ಕಾಕಾ ಎಂದೇ ಕರೆಯುತ್ತೇವೆ. "ಹಡಗಾ ಎರಡೂ ಹೋದವು. ಹೊಳಿ ಹ್ಯಾಂಗೂ ಐತಿ, ಅದನ್ನಾರ ಒಮ್ಮೆ ಕೂಡಿ ನೋಡಿ ಬರೋಣ" ಎಂದು ಮಾಮಾ ಅವರಿಗೆ ಪತ್ರ ಬರೆದರು. ಹೀಗೆ 2013ರ ಮಾಘಮಾಸದ ಒಂದು ಮುಂಜಾನೆ ಮಿರಜಿನ ಸ್ಟೇಶನ್ನಿನಲ್ಲಿ ಇಬ್ಬರೂ ಮುದುಕರು ಕೂಡಿದರು. ಇಬ್ಬರಿಗೂ ಹೇಳಿಕೇಳಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಮಿರಜಿನಿಂದ ಮ್ಹೈಸಾಳ, ಕಾಗವಾಡಗಳ ಮೇಲೆ ಹಾಯ್ದು, ಕಬ್ಬಿನ ಗಾಡಿಗಳಿಗೆ ದಾರಿ ಬಿಡುತ್ತ ಬಿಡುತ್ತ, ನಾವು ಜುಗೂಳವನ್ನು ಮುಟ್ಟುವಾಗ ಬಿಸಿಲು ಏರಿತ್ತು. ಉದ್ದೇಶವಿದ್ದುದು ದೋಣಿಯಲ್ಲಿ ದಾಟಿ ಖಿದ್ರಾಪುರದ ಕೋಪೇಶ್ವರನ ದರ್ಶನ ಮಾಡಿಕೊಂಡು ಮರಳಿ ಬರುವದು. ದೋಣಿಕಾರನು ಇಬ್ಬರು ಹಿರಿಯರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, "ಅಜ್ಜಾರ, ನಡಬರಕ ಕುಂದರ್ರಿ. ನೀರಿನ ರೂಢಿ ಇಲ್ಲದವರು ಅಂಚಿಗೆ ಕುಂತರ ತಲಿ ತಿರಗತೈತಿ" ಎಂದು ಕಾಳಜಿಯಿಂದ ಹೇಳಿದನು. ಒಬ್ಬರು ಹದಿನೈದು ವರ್ಷ, ಇನ್ನೊಬ್ಬರು ಇಪ್ಪತ್ತಕ್ಕೂ ಮೇಲ್ಪಟ್ಟು ವರ್ಷ ಕಡಲಿನ ಮೇಲೆ ಕಳೆದವರು! ಮಾಮಾ ಮೀಸೆಯಲ್ಲಿಯೇ ನಕ್ಕರು. ಕಾಕಾ ಮಾತ್ರ ತಮ್ಮ ಹಿರಿಮೆಯನ್ನು ತೋರಿಸಲೆಂದು ಠೀವಿಯಿಂದ ದೋಣಿಯ ಅಂಚಿಗೆ ಕಾಲಿಟ್ಟರು. ದೋಣಿ ಓಲಿತು, ಕಾಕಾ ಒಬ್ಬ ಮುದುಕಿಯ ಮೆಂತೆಪಲ್ಲೆಯ ಬುಟ್ಟಿಯ ಮೇಲೆ ಕುಳಿತುಬಿಟ್ಟರು. "ಹಡಗು ಕಾಲಿಟ್ಟರೆ ಓಲುವದಿಲ್ಲ. ಇದು ಹಡಗಿಗಿಂತ ಕಠಿಣ" ಎಂದು ಅವರು ಒಪ್ಪಿಕೊಂಡರು. ಮುದುಕಿ ಎರಡು ಸಿವುಡು ಪಲ್ಲೆಯ ಬೆಲೆಯನ್ನು ವಸೂಲು ಮಾಡಿಕೊಂಡೇ ಬಿಟ್ಟಳು.

ದೋಣಿ ತುಂಬುವವರೆಗೆ ಬಿಡುವದಿಲ್ಲವೆಂಬುದು ಅಲ್ಲಿಯ ಕಟ್ಟಳೆ. ಇನ್ನೂ ಇಬ್ಬರು ಬರಬೇಕಾಗಿತ್ತು. ಆ ಬಿಡುವಿನಲ್ಲಿ ಮುದುಕರಿಬ್ಬರ ಮಾತು ಹೊಳೆಯಂತೆ ಹರಿಯಿತು. ಅದರಲ್ಲಿ ನನಗೆ ನೆನಪುಳಿದುದನ್ನು ಇಲ್ಲಿ ಬರೆಯುತ್ತೇನೆ.

ಮಾಮಾನವರ ನೇಮಣೂಕಿಯ ಸುದ್ದಿ ಊರಿಗೆ ಬಂದಾಗಿನ ಕಥೆ ಮೊದಲನೆಯದು. ಇಂಗ್ಲಿಷರ ನಾಲಗೆಯಲ್ಲಿ ಕೃಷ್ಣೆಯು 'ಕಿಸ್ತ್ನಾ' ಆಗಿದ್ದಳು. ಹಡಗಿನ ಹೆಸರನ್ನು ಹಾಗೆಯೇ ಬರೆಯುತ್ತಿದ್ದರು. ಪತ್ರವನ್ನು ಓದಿಸಿಕೊಂಡ ಅಜ್ಜನು, "ಕಿಸ್ತು ತುಂಬೂದಕ್ಕ ನಾನು ಇಲ್ಲೇ ಇದ್ದೀನಲ್ಲ; ಹುಡುಗನ್ನ ಯಾಕ ಅಷ್ಟು ದೂರ ಕರಕೊಂಡು ಹೋದರು?" ಎಂದು ಗಾಬರಿಯಾಗಿ ತಲಾಟಿಯ ಮನೆಗೆ ಓಡಿದನಂತೆ. ಅದು ಭೂಮಿಯ ಕಿಸ್ತಲ್ಲ, ನಮ್ಮ ಹೊಳೆಯ ಹೆಸರೇ ಎಂದು ತಿಳಿದಾಗ ಅವನು ಸಮಾಧಾನಗೊಂಡು, "ಹಂಗಾರ ಹುಡುಗ ಊರು ಬಿಟ್ಟಂಗಽ ಆಗಲಿಲ್ಲ" ಎಂದನಂತೆ.

ಊರು ಬಿಟ್ಟುದು ಮಾಮಾನವರಿಗೆ ಮೊದಲನೆಯ ರಾತ್ರಿಯೇ ತಿಳಿಯಿತು. ಹಳೆಯ ಹಡಗಿನಲ್ಲಿ ಮಂಚಗಳಿರಲಿಲ್ಲ. ದಪ್ಪ ಬಟ್ಟೆಯ ಜೋಳಿಗೆಯನ್ನು ಎರಡು ತುದಿಗೂ ಹಗ್ಗ ಕಟ್ಟಿ ಮೇಲಿನ ಕೊಂಡಿಗಳಿಗೆ ತೂಗುಹಾಕಿ, ಅದರಲ್ಲಿ ಮಲಗುವದು. ಹಡಗು ಹೊಯ್ದಾಡಿದರೂ ಜೋಳಿಗೆ ತನ್ನ ತೂಕದಿಂದ ನೆಟ್ಟಗೆ ತೂಗುತ್ತಿರುವದರಿಂದ ಮಲಗಿದವನು ಉರುಳಿಬೀಳುವದಿಲ್ಲ. ಇದು ನಾವಿಕರ ಹಳೆಯ ಜಾಣತನ. ಆದರೆ ಒಳಗೆ ಹತ್ತುವದೇ ಒಂದು ವಿದ್ಯೆ. ಮಾಮಾ ಒಂದು ಮಗ್ಗಲಿನಿಂದ ಹತ್ತಿ ಇನ್ನೊಂದು ಮಗ್ಗಲಿನಿಂದ ಕೆಳಗಿಳಿದರು. ಹೀಗೆ ಮೂರು ಸಲ. ನಾಲ್ಕನೆಯ ಸಲ ಸಾಧಿಸಿತು. ಆಗ ಕಾಲಕಡೆಯ ಗಂಟನ್ನು ಯಾರೋ ಮೆಲ್ಲಗೆ ಸಡಲಿಸಿದರು. ಮುಂದಿನ ರಜೆಯಲ್ಲಿ ಅವರ ತಾಯಿ ಈ ವೃತ್ತಾಂತವನ್ನು ಕೇಳಿ, "ಹದಿನಾರು ವರ್ಷದ ಮ್ಯಾಲೆ ಮತ್ತ ತೊಟ್ಟಿಲಾಗ ಹಾಕಿದರಾ? ಜೋಗುಳಾ ಯಾರು ಹಾಡತಾರೋ?" ಎಂದಳಂತೆ. ಜೋಗುಳಕ್ಕೇನೂ ಕೊರತೆಯಿರಲಿಲ್ಲ; ಇಪ್ಪತ್ತು ಮಂದಿಯ ಗೊರಕೆಯಿತ್ತು.

ಹಡಗಿನಲ್ಲಿ ಸುತ್ತೆಲ್ಲ ನೀರು. ಬಳಸಲು ಮಾತ್ರ ನೀರಿಲ್ಲ. ಸಿಹಿನೀರನ್ನು ಅಳತೆಯ ಮೇಲೆ ಕೊಡುವರು. ಉಪ್ಪುನೀರಿನಲ್ಲಿ ಸಾಬೂನು ನೊರೆಗಟ್ಟದೆ ಮೈಗೆ ಮೇಣದಂತೆ ಅಂಟುವದು. ಆದ್ದರಿಂದ ಕಡಲಿನ ಮೇಲೆ ಮಳೆ ಬಂದರೆ ನಾವಿಕರಿಗೆ ದೀಪಾವಳಿಯ ಅಭ್ಯಂಗನ. ಒಂದು ಮಧ್ಯಾಹ್ನ ಕರಿಯ ಮೋಡ ಕವಿದು ಹನಿಯತೊಡಗಿದೊಡನೆ ಮೂವತ್ತು ಜನ ಲಂಗೋಟಿಯ ಮೇಲೆ ಹೊರಗೆ ಓಡಿಬಂದರು. ಎಲ್ಲರೂ ತಲೆಯಿಂದ ಅಂಗಾಲಿನವರೆಗೆ ಸಾಬೂನು ಪೂಸಿಕೊಂಡು, ಕಣ್ಣು ಮುಚ್ಚಿಕೊಂಡು ನಿಂತರು. ಮಳೆ ನಿಂತಿತು. ಮೋಡವು ಹಡಗಿನ ಮುಂದೆ ಮುಂದೆ ಓಡುತ್ತಿತ್ತು. "ನಾವು ಮೂವತ್ತು ಮಂದಿ ಬಿಳೇ ಭೂತಗಳು, ಕ್ಯಾಪ್ಟನ್ ಸಾಹೇಬರಿಗೆ ಕೈಮುಗಿದು, 'ಸಾಹೇಬ, ಹಡಗನ್ನು ಆ ಮೋಡದ ಬೆನ್ನಹಿಂದೆ ಓಡಿಸಿರಿ' ಎಂದು ಬೇಡಿಕೊಂಡೆವು" ಎಂದು ಕಾಕಾ ಹೇಳುವಾಗ ದೋಣಿಯಲ್ಲಿದ್ದವರೆಲ್ಲ ನಕ್ಕರು. ಸಾಹೇಬರು ಹಡಗನ್ನು ತಿರುಗಿಸಿದರೇ ಎಂದು ಮೆಂತೆಯ ಮುದುಕಿ ಕೇಳಿದಳು. "ತಿರುಗಿಸಲಿಲ್ಲ ಆಯೀ. ಸಂಜೆಯವರೆಗೆ ಹಾಗೆಯೇ ತುರಿಸಿಕೊಂಡೆವು."

ಊಟದ ಮಾತು ಬಂದಾಗ ಮಾಮಾನವರ ಕಣ್ಣು ಹೊಳೆದವು. ಅನ್ನ ಸಾರು ಚಪಾತಿಗಳ ಹಡಗಿನಲ್ಲಿ ಜೋಳದ ರೊಟ್ಟಿಯ ಹುಡುಗನ ಪಾಡೇನು? ಅಡಿಗೆಯವನು ಕೇರಳದವನು, ಜೋಳವನ್ನು ಕಂಡವನೇ ಅಲ್ಲ. ಒಮ್ಮೆ ರಜೆಯಿಂದ ಮರಳುವಾಗ ಮಾಮಾ ಟ್ರಂಕಿನಲ್ಲಿ ನಾಲ್ಕು ಸೇರು ಜೋಳದ ಹಿಟ್ಟನ್ನೂ ಶೇಂಗಾದ ಹಿಂಡಿಯನ್ನೂ ಒಯ್ದರು. ರಾತ್ರಿಯ ಪಾಳಿ ಮುಗಿದ ಮೇಲೆ ಅಡಿಗೆಯವನನ್ನು ಒಲಿಸಿಕೊಂಡು, ಕಬ್ಬಿಣದ ಮೇಜಿನ ಮೇಲೆ ರೊಟ್ಟಿ ಬಡಿಯಲಾರಂಭಿಸಿದರು. ಪಟ, ಪಟ, ಪಟ! ಇಡೀ ಹಡಗೇ ಕಬ್ಬಿಣದ್ದು. ಸದ್ದು ಗೋಡೆಯಿಂದ ಗೋಡೆಗೆ ಹಾಯ್ದು ಇಂಜಿನದ ಕೋಣೆಯನ್ನು ಮುಟ್ಟಿತು. ಅಲ್ಲಿಯ ಮಂದಿ ಯಾವುದೋ ಪಂಪು ಕೆಟ್ಟಿತೆಂದು ಬಗೆದು ಒಂದೊಂದೇ ಪಂಪಿಗೆ ಕಿವಿಹಚ್ಚಿ ನೋಡಿದರು. ಸದ್ದು ನಿಲ್ಲುವದು, ಅವರು ನಿಟ್ಟುಸಿರು ಬಿಡುವರು, ಮುಂದಿನ ರೊಟ್ಟಿ ಶುರುವಾಗುವದು. ಕೊನೆಗೆ ಕೈದೀಪ ಹಿಡಿದ ಒಬ್ಬ ಅಧಿಕಾರಿ ಸದ್ದಿನ ಜಾಡು ಹಿಡಿದು ಅಡಿಗೆಯ ಕೋಣೆಗೆ ಬಂದರು. ಮಾಮಾ ಹಿಟ್ಟಿನ ಕೈಯಿಂದಲೇ ಸಲಾಮು ಹೊಡೆದರು. ಅಧಿಕಾರಿ ರೊಟ್ಟಿಯನ್ನು ನೋಡಿದರು, ಹಿಂಡಿಯನ್ನು ನೋಡಿದರು, ಒಂದು ತುಣುಕನ್ನು ಬಾಯಿಗಿಟ್ಟರು. "ಪಂಪು ಚೆನ್ನಾಗಿದೆ. ನಾಳೆ ರಾತ್ರಿಯೂ ಕೆಡಲಿ" ಎಂದು ಹೇಳಿ ಎರಡು ರೊಟ್ಟಿಗಳನ್ನು ಒಯ್ದರು.

ಹಡಗಿನ ಊಟವೆಂದರೆ ಬರಿಯ ನಗೆಯ ಮಾತಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. 1946ರ ಫೆಬ್ರುವರಿ 18ರಂದು ಮುಂಬಯಿಯ 'ತಲವಾರ' ಎಂಬ ನೌಕಾಶಾಲೆಯಲ್ಲಿ ಎದ್ದ ದಂಗೆಗೆ ಕೆಟ್ಟ ಊಟವೂ, ಗೋರಾ ಅಧಿಕಾರಿಗಳ ಅವಮಾನದ ನುಡಿಗಳೂ ಕಿಡಿಯಾದವು. ಕೆಲವೇ ದಿನಗಳಲ್ಲಿ ಹತ್ತಾರು ಹಡಗುಗಳ ಸಾವಿರಾರು ನಾವಿಕರು ಅದರಲ್ಲಿ ಕೂಡಿದರು. ಇಕ್ಕಟ್ಟಿನ ಮನೆಯಲ್ಲಿ ಬಾಳುವವರಿಗೆ ತಟ್ಟೆಯೊಳಗಿನ ತುತ್ತೂ, ಆಡುವ ಮಾತೂ ಎಷ್ಟು ದೊಡ್ಡವೆಂಬುದನ್ನು ಸಂಸಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಡಗಿನ ಕಾಲಗಣನೆಯೂ ವಿಚಿತ್ರವೇ. ನಾಲ್ಕು ನಾಲ್ಕು ತಾಸಿಗೊಂದು ಪಾಳಿ; ಅರ್ಧ ತಾಸಿಗೊಮ್ಮೆ ಗಂಟೆ; ಎಂಟು ಪೆಟ್ಟಾದರೆ ಪಾಳಿ ಬದಲು. ಸಂಜೆ ನಾಲ್ಕರಿಂದ ಎಂಟರವರೆಗಿನ ಪಾಳಿಯನ್ನು ಮಾತ್ರ ಎರಡೆರಡು ತಾಸಿನ ಎರಡು ತುಂಡು ಮಾಡಿರುತ್ತಾರೆ. ಹೀಗೆ ದಿನಕ್ಕೆ ಆರರ ಬದಲು ಏಳು ಪಾಳಿಗಳಾಗಿ, ಒಬ್ಬನಿಗೇ ದಿನಾಲು ನಡುರಾತ್ರಿಯ ಕಾವಲು ಬರುವದು ತಪ್ಪುತ್ತದೆ. ಈ ಗಂಟೆ ಮೈಯಲ್ಲಿ ಎಷ್ಟು ಇಳಿದಿತ್ತೆಂದರೆ, ಮದುವೆಯಾದ ಹೊಸತರಲ್ಲಿ ಮಾಮಾ ನಸುಕಿನ ನಾಲ್ಕಕ್ಕೆ ಎದ್ದು ಸೀಟಿ ಊದಿ ಮನೆಯವರನ್ನೆಲ್ಲ ಎಬ್ಬಿಸಿದರಂತೆ. ಎತ್ತುಗಳು ಕೂಡ ಎದ್ದು ನಿಂತವೆಂದು ಮಾಮಿ ಇಂದಿಗೂ ಹೇಳುತ್ತಾರೆ. ಒಮ್ಮೆ ಸಾರಿಸಿದ ನೆಲಕ್ಕೆ ನಾಲ್ಕು ಬಕೀಟು ನೀರು ಸುರಿದು 'ಡೆಕ್ಕು ತೊಳೆಯುವ' ಪಾಠವನ್ನು ಅವರು ಮಾಮಿಗೆ ಕಲಿಸಹೋದುದೂ ಉಂಟು. ಸಗಣಿಯ ನೆಲ ಕೆಸರಾಯಿತು. ಮಾಮಿ ಬಕೀಟನ್ನು ಅವರ ಕೈಗೇ ಕೊಟ್ಟು, "ನಿಮ್ಮ ಹಡಗ ಮುಳಗಿತು, ಈಗ ನೀವಽ ಎತ್ತರಿ" ಎಂದು ಒಳಗೆ ಹೋದರು.

ಇಷ್ಟಾಗುವಾಗ ಕೊನೆಯ ಇಬ್ಬರು ಪ್ರಯಾಣಿಕರೂ ಬಂದರು. ದೋಣಿ ದಂಡೆಯನ್ನು ಬಿಟ್ಟಿತು. ಮಾಘದ ಕೃಷ್ಣೆ ಸಾಧು ಹೆಂಗಸು. ಗಳ ಊರಿದಲ್ಲೆಲ್ಲ ಸದ್ದಿಲ್ಲದೆ ದಾರಿ ಬಿಡುತ್ತಿದ್ದಳು. ನಡುಹೊಳೆಯಲ್ಲಿ ಮಾಮಾ ಕೈ ಇಳಿಬಿಟ್ಟು ನೀರನ್ನು ಮುಟ್ಟಿ, "ಕೃಷ್ಣಾ ಜಿಲ್ಲೇಂವ ಇದ್ದಿದ್ದರ ಈಗ ಏನಂತಿದ್ದ?" ಎಂದು ಕೇಳಿದರು. ಕಾಕಾ ಒಡನೆಯೇ, "ಮೇಲಿನವರು ಕೈ ತೊಳೆದ ನೀರನ್ನು ನಾವು ಕುಡಿಯಬೇಕಲ್ಲ ಎನ್ನುತ್ತಿದ್ದ" ಎಂದರು. ಇಬ್ಬರೂ ನಕ್ಕರು.

ಈ ಕೃಷ್ಣಾ ಜಿಲ್ಲೆಯವನೆಂದರೆ ಆಂಧ್ರದಲ್ಲಿ ಕೃಷ್ಣೆಯು ಕಡಲನ್ನು ಕೂಡುವ ಸೀಮೆಯ ಒಬ್ಬ ನಾವಿಕ. ಇವರಿಗಿಂತ ಎರಡು ವರ್ಷ ಹಿರಿಯ. ಹೊಸಬರನ್ನು ಮಂಗ ಮಾಡುವದರಲ್ಲಿ ಅವನಿಗೆ ಸಮಾನರಿರಲಿಲ್ಲ. ಹಡಗಿನ ಎಡಮಗ್ಗಲಿಗೆ ಕೆಂಪು ದೀಪ, ಬಲಮಗ್ಗಲಿಗೆ ಹಸಿರು ದೀಪ; ಇದು ಜಗತ್ತಿನ ಹಡಗುಗಳಿಗೆಲ್ಲ ಒಂದೇ ಕಟ್ಟಳೆ. ಕತ್ತಲೆಯಲ್ಲಿ ಎದುರಿನ ಹಡಗು ಯಾವ ಮಗ್ಗಲನ್ನು ತೋರಿಸುತ್ತಿದೆ, ಯಾವ ಕಡೆಗೆ ಹೊರಟಿದೆ ಎಂಬುದು ಈ ಬಣ್ಣಗಳಿಂದಲೇ ತಿಳಿಯುವದು. ಬಣ್ಣ ಬರುವದು ಗಾಜಿನಿಂದ. ಆದರೆ ಮಾಮಾ ಹಡಗನ್ನು ಹತ್ತಿದ ಮೂರನೆಯ ದಿನ ಅವನು ಗಂಭೀರವಾಗಿ, "ಹಸಿರು ದೀಪದ ಎಣ್ಣೆ ತೀರಿದೆ. ಉಗ್ರಾಣದಿಂದ ಒಂದು ಬಾಟಲಿ ಹಸಿರು ಎಣ್ಣೆಯನ್ನು ತಾ. ಕೆಂಪು ತಂದೀಯೆ, ಜೋಕೆ!" ಎಂದು ಕಳಿಸಿದನು. ಉಗ್ರಾಣದವನು ಅಷ್ಟೇ ಗಂಭೀರವಾಗಿ ಇಂಜಿನದ ಕೋಣೆಗೆ ಕಳಿಸಿದನು. ಇಂಜಿನದವರು ತೋಪಿನವರ ಕಡೆಗೆ. ತೋಪಿನವರು ಔಷಧಿಯವನ ಕಡೆಗೆ. ಔಷಧಿಯವನು ಔಡಲೆಣ್ಣೆಯ ಬಾಟಲಿಯನ್ನು ತೋರಿಸಿ, "ದೀಪ ಹಸಿರಾಗುವದೋ ಇಲ್ಲವೋ, ಇದನ್ನು ಕುಡಿದರೆ ನಿನ್ನ ಮುಖವಂತೂ ಹಸಿರಾದೀತು" ಎಂದನಂತೆ. ಎರಡು ತಾಸು ಹಡಗಿನ ಮೂಲೆಮೂಲೆಯನ್ನು ಸುತ್ತಿ ಮಾಮಾ ಬರಿಗೈಯಲ್ಲಿ ಬಂದಾಗ ಇಡೀ ಪಾಳಿಯೇ ಕಾಯುತ್ತ ಕುಳಿತಿತ್ತು. ನಕ್ಕು ಮುಗಿದ ಮೇಲೆ ಕೃಷ್ಣಾ ಜಿಲ್ಲೆಯವನು ತನ್ನ ಪಾಲಿನ ಚಹವನ್ನು ಮಾಮಾನವರ ಮುಂದಿಟ್ಟು, "ಈಗ ನಿನಗೆ ಹಡಗಿನ ದಾರಿಗಳೆಲ್ಲ ತಿಳಿದವು. ನಕಾಶೆ ಕೊಟ್ಟಿದ್ದರೆ ಹದಿನೈದು ದಿನ ಬೇಕಾಗುತ್ತಿತ್ತು" ಎಂದನು. ಅಂದಿನಿಂದ ಅವನೇ ಮಾಮಾನವರ ಪರಮಮಿತ್ರನಾದನು.

ದೋಣಿ ಆಚೆಯ ದಂಡೆಗೆ ಹತ್ತಿತು. ಖಿದ್ರಾಪುರದ ಕೋಪೇಶ್ವರ ದೇವಾಲಯವನ್ನು ನೋಡದವರು ಒಮ್ಮೆ ನೋಡಲೇಬೇಕು. ಶಿಲಾಹಾರರ ಕಾಲದಲ್ಲಿ, ಹನ್ನೆರಡನೆಯ ಶತಮಾನದಲ್ಲಿ ಎದ್ದ ಈ ಗುಡಿಯಲ್ಲಿ ಕನ್ನಡದ ಶಾಸನಗಳೂ ಇವೆ. ದೇವಗಿರಿಯ ಯಾದವ ಸಿಂಘಣನ ಶಾಸನವೂ ಇದೆ. ಗೋಡೆಯ ಬುಡದಲ್ಲಿ ಸಾಲಾನೆಗಳು ಇಡೀ ಗುಡಿಯನ್ನು ಬೆನ್ನಮೇಲೆ ಹೊತ್ತಂತೆ ನಿಂತಿವೆ. ಮುಂಭಾಗದ ಸ್ವರ್ಗಮಂಟಪಕ್ಕೆ 48 ಕಂಬಗಳು. ನಡುವಿನ ಹನ್ನೆರಡು ಕಂಬಗಳ ವರ್ತುಲದ ಮೇಲೆ ಮಾಡವೇ ಇಲ್ಲ. ಅಲ್ಲಿ ದುಂಡನೆಯ ಬಯಲಾಗಿ ಆಕಾಶ ಕಾಣುತ್ತದೆ. ಅದರ ಕೆಳಗೆ ಅಷ್ಟೇ ದುಂಡನೆಯ ಒಂದು ಶಿಲೆ.

ಇನ್ನೊಂದು ವಿಶೇಷವುಂಟು. ಗರ್ಭಗುಡಿಯಲ್ಲಿ ಎರಡು ಲಿಂಗಗಳು, ಎದುರಿಗೆ ನಂದಿಯಿಲ್ಲ. ದಕ್ಷಯಜ್ಞದಲ್ಲಿ ಸತಿಯನ್ನು ಕಳೆದುಕೊಂಡ ಶಿವನು ಕೋಪದಿಂದ ಉರಿಯುತ್ತ ಇಲ್ಲಿ ಬಂದು ಕುಳಿತನೆಂದೂ, ಅವನನ್ನು ಸಂತೈಸಲು ವಿಷ್ಣುವು ಧೋಪೇಶ್ವರನಾಗಿ ಪಕ್ಕದಲ್ಲಿಯೇ ನೆಲೆಸಿದನೆಂದೂ ಸ್ಥಳದವರು ಹೇಳುತ್ತಾರೆ. ಸತಿಯನ್ನು ಹೊತ್ತುಕೊಂಡು ಹೋದ ನಂದಿಯು ಚಿಕ್ಕೋಡಿ ತಾಲೂಕಿನ ಯಡೂರಿನಲ್ಲಿಯೇ ಉಳಿದನಂತೆ. ಪೂಜಾರಿಯು ಈ ಕಥೆಯನ್ನು ಹೇಳಿ ಮುಗಿಸಿದಾಗ ಕಾಕಾ, "ಪ್ರತಿಯೊಂದು ಹಡಗಿನಲ್ಲಿಯೂ ಇಬ್ಬರೂ ಇರುತ್ತಾರೆ. ಕೋಪೇಶ್ವರರಿಗೆ ಸಂಬಳ ಹೆಚ್ಚು. ಧೋಪೇಶ್ವರನಿಲ್ಲದಿದ್ದರೆ ಮಾತ್ರ ಹಡಗು ಬಂದರವನ್ನು ಮುಟ್ಟದು. ನಮ್ಮ ಧೋಪೇಶ್ವರ ಕೃಷ್ಣಾ ಜಿಲ್ಲೆಯವನು" ಎಂದರು.

ಸ್ವರ್ಗಮಂಟಪದ ಆ ದುಂಡು ಆಕಾಶದ ಕೆಳಗೆ ಕುಳಿತು ಮಾಮಾ ಉಳಿದ ಕಥೆಯನ್ನು ಹೇಳಿದರು. 1971ರಲ್ಲಿ ಮೂವರೂ ಬೇರೆ ಬೇರೆ ಹಡಗುಗಳಿಗೆ ಹೋಗಿದ್ದರು. ಮಾಮಾನವರದು 'ಮೈಸೂರು' ಎಂಬ ದೊಡ್ಡ ಹಡಗು. ಅದರ ಲಾಂಛನದಲ್ಲಿ ಗಂಡಭೇರುಂಡವಿದ್ದುದರಿಂದ ಕನ್ನಡಿಗರಾದ ಇವರಿಗೆ ಒಳಗೊಳಗೇ ಹೆಮ್ಮೆ. ಉಳಿದವರು ಅದನ್ನು ಎರಡು ತಲೆಯ ಕೋಳಿಯೆಂದು ಅಣಕಿಸುತ್ತಿದ್ದರು. ಕೃಷ್ಣಾ ಜಿಲ್ಲೆಯವನು 'ಖುಕ್ರಿ' ಎಂಬ ಹಡಗಿನಲ್ಲಿದ್ದನು. ಹಸಿರು ಎಣ್ಣೆಯ ಋಣವನ್ನು ತೀರಿಸಬೇಕೆಂದು ಮಾಮಾ ಬಹುದಿನಗಳಿಂದ ಹೊಂಚಿದ್ದರು. ಆ ವರ್ಷದ ದೀಪಾವಳಿಯಲ್ಲಿ ಮುಂಬಯಿಯ ಪೇಟೆಯಿಂದ ಹಸಿರು ಬಣ್ಣವನ್ನು ಕೊಂಡು, ಕೊಬ್ಬರಿ ಎಣ್ಣೆಯಲ್ಲಿ ಕಲಿಸಿ, ಒಂದು ಚಂದದ ಬಾಟಲಿಯಲ್ಲಿ ತುಂಬಿದರು. "ಉಗ್ರಾಣದಲ್ಲಿ ಸಿಕ್ಕಿತು, ತಡವಾದುದಕ್ಕೆ ಕ್ಷಮಿಸು" ಎಂದು ಒಂದು ಚೀಟಿಯನ್ನೂ ಕಟ್ಟಿದರು. ಮುಂದಿನ ಭೆಟ್ಟಿಯಲ್ಲಿ ಕೊಡುವದು ಮಾತ್ರ ಬಾಕಿ.

ಆ ಡಿಸೆಂಬರದಲ್ಲಿ ಯುದ್ಧ ಹೊತ್ತಿತು. 9ನೆಯ ತಾರೀಖಿನ ರಾತ್ರಿ ದೀವದ ಸಮೀಪದ ಕಡಲಿನಲ್ಲಿ ಪಾಕಿಸ್ತಾನದ 'ಹಂಗೋರ' ಎಂಬ ಜಲಾಂತರ್ಗಾಮಿಯ ಹೊಡೆತಕ್ಕೆ ಖುಕ್ರಿ ಮುಳುಗಿತು. 18 ಜನ ಅಧಿಕಾರಿಗಳೂ 176 ಜನ ನಾವಿಕರೂ ಅದರೊಡನೆ ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರು ತಮ್ಮ ಹಡಗನ್ನು ಬಿಡದೆ ಅದರೊಡನೆಯೇ ಜಲಸಮಾಧಿಯನ್ನು ಹೊಂದಿದರು. ಬದುಕಿ ಬಂದವರ ಯಾದಿಯಲ್ಲಿ ಕೃಷ್ಣಾ ಜಿಲ್ಲೆಯವನ ಹೆಸರಿರಲಿಲ್ಲ.

ಮಾಮಾ ಆ ಬಾಟಲಿಯನ್ನು ಟ್ರಂಕಿನ ತಳಕ್ಕೆ ಇಟ್ಟರು, ಯಾರಿಗೂ ಹೇಳಲಿಲ್ಲ. ಎರಡು ವರ್ಷದ ಮೇಲೆ ಮದುವೆಯಾಯಿತು. ಒಂದು ದಿನ ಟ್ರಂಕನ್ನು ಝಾಡಿಸುತ್ತಿದ್ದ ಮಾಮಿಗೆ ಅದು ಸಿಕ್ಕಿತು. ಗಂಡನು ತನಗಾಗಿ ಮುಂಬಯಿಯಿಂದ ತಂದು, ಕೊಡಲು ನಾಚಿಕೊಂಡು ಇಟ್ಟ ಸುವಾಸಿಕ ಎಣ್ಣೆಯೆಂದು ತಿಳಿದು ಅವರು ತಲೆತುಂಬ ಹಚ್ಚಿಕೊಂಡರು. ಸಂಜೆಗೆ ಹಣೆ ಹಸಿರು, ಕಿವಿ ಹಸಿರು, ದಿಂಬು ಹಸಿರು. ಅತ್ತೆ ಕಂಡು ದೃಷ್ಟಿ ತೆಗೆದರು; ಓಣಿಯ ಹೆಂಗಸರು ಬಂದು ನೋಡಿಹೋದರು. ಮಾಮಾ ಮನೆಗೆ ಬಂದು ನೋಡಿ ಮೊದಲು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಗುತ್ತ ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತರು. ಗಾಬರಿಯಾದ ಮಾಮಿಗೆ ಆ ದಿನ ಮೊದಲ ಸಲ ಎಲ್ಲವನ್ನೂ ಹೇಳಿದರು. "ಎಣ್ಣಿ ಅವಗ ಮುಟ್ಟಲಿಲ್ಲ ಖರೆ. ಆದರ ಅಂವ ನೋಡಿದ್ದರ ಇದಕ್ಕಿಂತ ಹೆಚ್ಚಿನ ಮಜಾ ಏನೂ ಬೇಡತಿರಲಿಲ್ಲ" ಎಂದು ಮಾಮಾ ಮಂಟಪದಲ್ಲಿ ಹೇಳಿ ಮೇಲಿನ ಬಯಲನ್ನು ನೋಡಿದರು. ಕಾಕಾ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಚೀಲದಿಂದ ರೊಟ್ಟಿಯ ಗಂಟನ್ನು ಬಿಚ್ಚಿ ಎಲ್ಲರಿಗೂ ಹಂಚಿದರು.

ಮರಳುವಾಗ ಹೊತ್ತು ಇಳಿದಿತ್ತು. ದೋಣಿಯಲ್ಲಿ ಗಳ ಹಿಡಿದವನ ಮಗ, ಹನ್ನೆರಡು ವರ್ಷದ ಹುಡುಗ, ನೀರು ಚೆಲ್ಲುವ ಕೆಲಸದಲ್ಲಿದ್ದನು. ಮಾಮಾ ಅವನನ್ನು ಕರೆದು ಮುಖದಲ್ಲಿ ನಗೆಯ ಸುಳಿವಿಲ್ಲದೆ, "ತಮ್ಮಾ, ಕತ್ತಲಾಗಾಕ ಬಂತು. ಬಲಮಗ್ಗಲ ದೀಪಕ್ಕ ಹಸರ ಎಣ್ಣಿ ಬೇಕಲ್ಲ, ನಿಮ್ಮಲ್ಲಿ ಐತೇನು?" ಎಂದು ಕೇಳಿದರು. ಹುಡುಗನು ಒಮ್ಮೆ ಅವರನ್ನು, ಒಮ್ಮೆ ದೀಪವೇ ಇಲ್ಲದ ತಮ್ಮ ದೋಣಿಯನ್ನು ನೋಡಿದನು. ಅವರಿಗಿಂತ ಗಂಭೀರನಾಗಿ, "ಇತ್ತರಿ ಅಜ್ಜಾರ. ಆದರ ಹಸರದು ಮಹಾರಾಷ್ಟ್ರದ ದಂಡ್ಯಾಗ ಸಿಗತೈತಿ, ಕೆಂಪಂದು ನಮ್ಮ ದಂಡ್ಯಾಗ. ಈಗ ನಡಹೊಳ್ಯಾಗ ಅದೀವಿ, ಇಲ್ಲಿ ಬರೇ ನೀರಽ ಸಿಗತೈತಿ" ಎಂದನು. ದೋಣಿಯೆಲ್ಲ ನಗೆಯಿಂದ ಓಲಿತು. ಕಾಕಾ ಮಾಮಾನವರ ಬೆನ್ನಮೇಲೆ ಗುದ್ದಿ, "ನಿನಗೆ ಈ ಜನ್ಮದಲ್ಲಿ ಹಸಿರು ಎಣ್ಣೆ ಸಿಗುವದಿಲ್ಲ ಬಿಡು" ಎಂದರು. ಮಾಮಾ ಹುಡುಗನಿಗೆ ಹತ್ತು ರೂಪಾಯಿ ಕೊಟ್ಟು, "ಇಂವ ಹಡಗಿಗೆ ಬಂದರ ಯಾರೂ ಮಂಗ್ಯಾ ಮಾಡಾಕ ಆಗೂದಿಲ್ಲ" ಎಂದು ಅವನ ತಂದೆಗೆ ಹೇಳಿದರು.

ಮಾಘದಲ್ಲಿ ಸಾಧುವಾಗಿರುವ ಈ ಹೊಳೆಯೇ ಮಳೆಗಾಲದಲ್ಲಿ ರೌದ್ರಳಾಗುವಳು. 2005ರಲ್ಲಿಯೂ, 2019ರಲ್ಲಿಯೂ, 2021ರಲ್ಲಿಯೂ ಕೃಷ್ಣೆಯು ಎರಡೂ ದಂಡೆಗಳ ಊರುಗಳ ಒಳಗೆ ಬಂದಳು. ಜನರು ದನಕರುಗಳೊಡನೆ ಮನೆ ಬಿಟ್ಟು ಎತ್ತರದ ನೆಲಕ್ಕೆ ಹೋಗಬೇಕಾಯಿತು. 2019ರ ಆಗಸ್ಟಿನಲ್ಲಿ ಸಾಂಗಲಿ ಕೊಲ್ಹಾಪುರಗಳ ನೆರೆಯಲ್ಲಿ ಸಿಕ್ಕವರನ್ನು ಕರೆತರಲು ನೌಕಾದಳದ ತಂಡಗಳೂ ತಮ್ಮ ರಬ್ಬರಿನ ದೋಣಿಗಳೊಡನೆ ಬಂದವು. ಟೀವಿಯಲ್ಲಿ ಆ ದೃಶ್ಯವನ್ನು ನೋಡಿದ ಮಾಮಾ ಒಡನೆ ಮಾಲವಣಕ್ಕೆ ಫೋನು ಮಾಡಿದರು. "ನಾವು ಹೊಳಿ ಬಿಟ್ಟು ಕಡಲಿಗೆ ಹೋದಿವಿ, ಈ ಹುಡುಗರು ಕಡಲ ಬಿಟ್ಟು ಹೊಳಿಗೆ ಬಂದಾರ ನೋಡು" ಎಂದು ಅವರು ಹೇಳುವಾಗ ದನಿ ತುಸು ನಡುಗುತ್ತಿತ್ತು. ಆಚೆಯಿಂದ ಕಾಕಾ ಏನೋ ಕೇಳಿರಬೇಕು. ಮಾಮಾ ನಗುತ್ತ, "ಹೌದು, ನಡಬರಕ ಕುಂದರ್ರಿ ಅಂತ ಅವರಿಗೂ ಯಾರರ ಹೇಳಿರಬೇಕು" ಎಂದರು.

ನಾನು ಆ ದಿನದ ಪ್ರವಾಸದಿಂದ ತಿಳಿದುಕೊಂಡುದಿಷ್ಟೆ. ಮುನ್ನೂರು ಅಡಿಯ ಕಬ್ಬಿಣದ ಮನೆಯಲ್ಲಿ ಹತ್ತೆಂಟು ಭಾಷೆಗಳ ಇನ್ನೂರರಷ್ಟು ಜನ, ಒಬ್ಬರ ಮೊಳಕೈ ಒಬ್ಬರಿಗೆ ತಾಗುವಂತೆ ವರ್ಷಗಟ್ಟಲೆ ಬಾಳಬೇಕಾದರೆ, ಅಕ್ಕಿ ಬೇಳೆ ನೀರುಗಳಂತೆ ನಗೆಯನ್ನೂ ಉಗ್ರಾಣದಲ್ಲಿ ತುಂಬಿಕೊಂಡು ಹೊರಡಬೇಕು. ಒಂದು ಗೇಣಿನ ಅಂಚಿನ ದೋಣಿಯಲ್ಲಿ ಎರಡು ದಂಡೆಯ ಜನ ದಿನಾಲು ಕೂಡಿ ಕುಳಿತು ದಾಟಿದುದೂ ಅದೇ ಬಂಡವಾಳದ ಮೇಲೆಯೇ. ನಮ್ಮ ನಮ್ಮ ಮನೆಗಳೂ ಇದಕ್ಕೆ ಹೊರತಲ್ಲ. ಜುಗೂಳದ ಕಡೆಗೆ ಹೋಗುವ ವಾಚಕರು ನೆರೆಯ ದಿನಗಳನ್ನು ಬಿಟ್ಟು ಚಳಿಗಾಲದಲ್ಲಿ ಹೋಗಲಿ. ಕೋಪೇಶ್ವರನಿಗೆ ಕೈಮುಗಿಯುವಾಗ ಪಕ್ಕದ ಧೋಪೇಶ್ವರನನ್ನು ಮರೆಯದಿರಲಿ.